ರೆಕ್ಕೆ ಬಿಚ್ಚುವ ವೇಗ

ಕಾಮರ್ಸ್ ಓದುವವಳಿಗೆ ವಿಮಾನದ ಕಾಕ್‌ಪಿಟ್‌ನ ಉಸಾಬರಿ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ಅಕೌಂಟೆನ್ಸಿಯಲ್ಲೂ ಅಂಕಿಗಳೇ, ಅಲ್ಲೂ ಅಂಕಿಗಳೇ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ನಮ್ಮ ಪತ್ರಿಕೆಯಲ್ಲಿ ಸ್ವಲ್ಪ ವಿವರವಾಗಿ ಉತ್ತರ ಕೊಡುತ್ತೇನೆ.

ಸೌದಿಯಲ್ಲಿ ಕೆಲಸ ಮಾಡುವ ನನ್ನ ಖಾಲಾ ಅವರ ಮಗ ಕಳೆದ ವರ್ಷ ಊರಿಗೆ ಬರುವಾಗ ವಿಮಾನದ ಕಿಟಕಿಯಿಂದ ಒಂದು ವಿಡಿಯೊ ತೆಗೆದಿದ್ದರು. ವಿಮಾನ ಇಳಿಯುವ ಮೊದಲು ರೆಕ್ಕೆಯ ಹಿಂಭಾಗ ನಿಧಾನವಾಗಿ ಹೊರಗೆ ಸರಿದು ಕೆಳಕ್ಕೆ ಬಾಗುತ್ತದೆ, ನಡುವೆ ಸಂದು ಕಾಣುತ್ತದೆ. ಅದನ್ನು ನೋಡಿದ ಅಮ್ಮಿ, ರೆಕ್ಕೆ ಮುರಿಯುತ್ತಿದೆಯಾ ಎಂದು ಗಾಬರಿಯಿಂದ ಕೇಳಿದರು. ಮನೆಯಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಾನು ಹುಡುಕಿ ಓದತೊಡಗಿದ್ದು ಅಂದಿನಿಂದ.

ವಿಮಾನದ ರೆಕ್ಕೆಯನ್ನು ವೇಗವಾಗಿ ಹಾರುವುದಕ್ಕೆ ತಕ್ಕಂತೆ ಮಾಡಿರುತ್ತಾರೆ. ಆದರೆ ಇಳಿಯುವಾಗ ವೇಗ ಕಡಿಮೆ ಇರಬೇಕು. ವೇಗ ತೀರಾ ಕಡಿಮೆಯಾದರೆ ಅದೇ ರೆಕ್ಕೆ ವಿಮಾನದ ಭಾರವನ್ನು ಹೊರಲಾರದು. ಅದಕ್ಕಾಗಿ ರೆಕ್ಕೆಯ ಮುಂದಿನ ಅಂಚಿನಲ್ಲಿ ಸ್ಲ್ಯಾಟ್, ಹಿಂದಿನ ಅಂಚಿನಲ್ಲಿ ಫ್ಲ್ಯಾಪ್ ಎಂಬ ಭಾಗಗಳಿವೆ. ಇವು ಹೊರಬಂದಾಗ ರೆಕ್ಕೆ ಅಗಲವಾಗುತ್ತದೆ, ಹೆಚ್ಚು ಬಾಗುತ್ತದೆ, ಕಡಿಮೆ ವೇಗದಲ್ಲೂ ಭಾರ ಹೊರುತ್ತದೆ.

ಹಾಗಾದರೆ ಮೊದಲೇ ಬಿಚ್ಚಿಬಿಡಬಹುದಲ್ಲ? ಆಗುವುದಿಲ್ಲ. ಹೊರಬಂದ ಭಾಗಗಳ ಮೇಲೆ ಗಾಳಿ ಬಲವಾಗಿ ಒತ್ತುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಚಕ್ರಬಡ್ಡಿಯ ಲೆಕ್ಕ ಮಾಡಿದ ನಮಗೆ ಅಂಕಿ ಹೀಗೆ ಏರುವುದು ಹೊಸದಲ್ಲ.

ಆದ್ದರಿಂದ ಪ್ರತಿ ಹಂತಕ್ಕೂ ಒಂದು ಗರಿಷ್ಠ ವೇಗವಿದೆ. ನಮ್ಮ ದೇಶದಲ್ಲಿ ಬಹಳಷ್ಟು ಹಾರುವ ಏರ್‌ಬಸ್ ಎ320 ವಿಮಾನವನ್ನೇ ನೋಡಿ. ಎಲ್ಲವೂ ಒಳಗಿದ್ದಾಗ ಮಿತಿ 350 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಇಳಿಯಲು ಬರುವಾಗ ಲಿವರ್ ಅನ್ನು 1ಕ್ಕೆ ಇಟ್ಟರೆ ಸ್ಲ್ಯಾಟ್ ಮಾತ್ರ ಹೊರಬರುತ್ತದೆ, ಮಿತಿ 230. ಲಿವರ್ 2ರಲ್ಲಿ 200, 3ರಲ್ಲಿ 185, ಪೂರ್ತಿ ಬಿಚ್ಚಿದಾಗ 177. ನಾನೇ ಲೆಕ್ಕ ಹಾಕಿ ನೋಡಿದೆ: 177ರ ಬದಲು 230ರಲ್ಲಿ ಗಾಳಿಯ ಒತ್ತಡ ಸುಮಾರು 1.7 ಪಟ್ಟು.

ಪೈಲಟ್ ಇವನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ಆದರೂ ನೆನಪೊಂದನ್ನೇ ನಂಬಿ ಕೂರುವುದಿಲ್ಲ. ಅವರ ಎದುರಿನ ಪರದೆಯ ಎಡಭಾಗದಲ್ಲಿ ವೇಗದ ಉದ್ದ ಪಟ್ಟಿಯಿದೆ. ಮೇಲಿನಿಂದ ಕೆಂಪು-ಕಪ್ಪು ಗೆರೆಯ ಪಟ್ಟಿಯೊಂದು ಇಳಿದಿರುತ್ತದೆ. ಅದರ ಕೆಳತುದಿಯೇ ಈಗಿನ ಮಿತಿ. ಫ್ಲ್ಯಾಪ್ ಹೊರಬಂದಂತೆ ಅದೂ ಕೆಳಗಿಳಿಯುತ್ತದೆ. ಮಿತಿಗಿಂತ 4 ನಾಟ್ ಹೆಚ್ಚಾದರೆ ಎಚ್ಚರಿಕೆಯ ಸದ್ದು ಬಿಡದೆ ಹೊಡೆದುಕೊಳ್ಳುತ್ತದೆ. ಹಾಗೇನಾದರೂ ಆದರೆ ಲಾಗ್ ಪುಸ್ತಕದಲ್ಲಿ ಬರೆಯಬೇಕು, ಎಂಜಿನಿಯರುಗಳು ಪರೀಕ್ಷಿಸಬೇಕು. ನಮ್ಮ ಜರ್ನಲ್ ಎಂಟ್ರಿಯಂತೆ, ನಡೆದದ್ದು ದಾಖಲಾಗಲೇಬೇಕು. ಪಟ್ಟಿಯ ಕೆಳಭಾಗದಲ್ಲಿ ಇನ್ನೊಂದು ಗಡಿಯಿದೆ: ಇದಕ್ಕಿಂತ ನಿಧಾನವಾಗಬೇಡ ಎನ್ನುವುದು. ಹಾರಾಟ ಈ ಎರಡರ ನಡುವೆ.

ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಗುರುತು. ಅದರ ಹೆಸರು ವಿಎಫ್‌ಇ ನೆಕ್ಸ್ಟ್. ಅಂಬರ್ ಬಣ್ಣದ ಎರಡು ಪುಟ್ಟ ಗೆರೆಗಳು, ಗಣಿತದ ಸಮ ಚಿಹ್ನೆಯ ಹಾಗೆ. ಅದು ತೋರಿಸುವುದು ಮುಂದಿನ ಹಂತದ ಮಿತಿಯನ್ನು. ಎಲ್ಲವೂ ಒಳಗಿರುವಾಗಲೇ ಅದು 230ರ ಬಳಿ ನಿಂತಿರುತ್ತದೆ. ವೇಗ ಅದಕ್ಕಿಂತ ಕೆಳಗೆ ಬಂದ ಮೇಲೆಯೇ ಲಿವರ್ ಮುಟ್ಟಬೇಕು. ಲಿವರ್ 1ಕ್ಕೆ ಬಂದೊಡನೆ ಗುರುತು 200ಕ್ಕೆ ಹೋಗಿ ನಿಲ್ಲುತ್ತದೆ. ಪೂರ್ತಿ ಬಿಚ್ಚಿದ ಮೇಲೆ ಆ ಗುರುತೇ ಇರುವುದಿಲ್ಲ, ಏಕೆಂದರೆ ಮುಂದೆ ಹಂತವಿಲ್ಲ.

ಇದನ್ನೆಲ್ಲ ಬರೆಯುವುದಕ್ಕೆ ನನ್ನದೇ ಒಂದು ಕಾರಣವಿದೆ. ನನಗೆ ಪೈಲಟ್ ಆಗಬೇಕು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಹನ್ನೆರಡನೆಯ ತರಗತಿ ಮಟ್ಟದ ಭೌತಶಾಸ್ತ್ರ ಮತ್ತು ಗಣಿತ ಕೇಳುತ್ತಾ ಬಂದಿದ್ದಾರೆ. ಕಾಮರ್ಸ್ ಓದಿದವರು ಎನ್‌ಐಓಎಸ್ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಪಾಸು ಮಾಡಿ ಮುಂದೆ ಹೋದದ್ದುಂಟು. ತರಬೇತಿಗೆ ಲಕ್ಷಗಟ್ಟಲೆ ಹಣ ಬೇಕು. ಸಾಲ ಮಾಡುವುದಕ್ಕೆ ಅಬ್ಬಾ ಒಪ್ಪುವುದಿಲ್ಲ. ನಾನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಮೊದಲು ಪಿಯುಸಿ ಮುಗಿಸು ಬೇಟಾ, ಆಮೇಲೆ ಕೂತು ಮಾತಾಡೋಣ ಎಂದರು.

ಅವರು ಹೂಂ ಅನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನ್ನ ಪಟ್ಟಿಯಲ್ಲಿ ಈಗ ಕಾಣುವ ಮುಂದಿನ ಗುರುತು ಮಾರ್ಚ್ ತಿಂಗಳ ಪರೀಕ್ಷೆ. ಅದರಾಚೆಯದಕ್ಕೂ ತಯಾರಿ ಬೇಕಲ್ಲ? ಸೈನ್ಸ್ ವಿಭಾಗದವರಲ್ಲಿ ಯಾರ ಬಳಿಯಾದರೂ ಪ್ರಥಮ ಪಿಯುಸಿಯ ಹಳೆಯ ಭೌತಶಾಸ್ತ್ರ ಪುಸ್ತಕವಿದ್ದರೆ ದಯವಿಟ್ಟು ಲೈಬ್ರರಿಯಲ್ಲಿ ನನ್ನ ಹೆಸರಿಗೆ ಕೊಟ್ಟಿರಿ. ಬದಲಿಗೆ ನನ್ನ ಅಕೌಂಟೆನ್ಸಿ ನೋಟ್ಸ್ ಕೊಡುತ್ತೇನೆ ಎಂದರೆ ನಿಮಗೆ ಉಪಯೋಗವಿಲ್ಲ. ಕ್ಯಾಂಟೀನಿನ ಚಹಾ ಆದರೆ ಕೊಡಿಸಬಲ್ಲೆ.