ಒಂದೂವರೆ ಜಿಬಿಯ ಸಂಸಾರ

ನಂದಿನಿ ಲೇಔಟಿನ ಹೆಂಗಸರಿಗೆ ಮಿತವ್ಯಯದ ಪಾಠ ಹೇಳಹೊರಟರೆ ನಕ್ಕಾರು. ಕಾವೇರಿ ನೀರು ಬಿಡುವ ಹೊತ್ತು, ಸಂಪಿನಲ್ಲಿರುವ ನೀರಿನ ಮಟ್ಟ, ಮೋಟಾರು ಎಷ್ಟು ನಿಮಿಷ ಓಡಬೇಕೆಂಬ ಲೆಕ್ಕ ಎಲ್ಲವೂ ಅವರಿಗೆ ಬಾಯಿಪಾಠ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೆದ್ದಾಗ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆ ಏರೇಟರ್ ಹಾಕಿಸಿ ಎಂದು ಜಲಮಂಡಳಿ ಹೇಳಿತಲ್ಲ, ನೆನಪಿದೆಯೆ? ನೀರಿಗೆ ಗಾಳಿ ಬೆರೆಸುವ ಪುಟ್ಟ ಬಿಲ್ಲೆ ಅದು. ಧಾರೆ ದಪ್ಪಗೇ ಕಾಣುತ್ತದೆ, ಪಾತ್ರೆಯೂ ತೊಳೆಯುತ್ತದೆ, ಖರ್ಚಾಗುವ ನೀರು ಮಾತ್ರ ಕಡಿಮೆ.

ಡೇಟಾಕ್ಕೂ ಅಂಥ ಬಿಲ್ಲೆ ಇದೆಯೆಂದು ಹೇಳಬೇಕಾಗಿ ಬಂದದ್ದು ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳಿಗಾಗಿ. ಹುಡುಗಿ ಎರಡನೇ ಪಿಯುಸಿ. ಮನೆಗೆಲ್ಲ ಸೇರಿ ಒಂದೇ ಫೋನು, ದಿನಕ್ಕೆ ಒಂದೂವರೆ ಜಿಬಿ. ಹಗಲೆಲ್ಲ ಅದು ತಮ್ಮನ ಕೈಯಲ್ಲಿ. ರಾತ್ರಿ ರಸಾಯನಶಾಸ್ತ್ರದ ಪಾಠ ನೋಡೋಣವೆಂದು ಇವಳು ಕೂತರೆ ಚಕ್ರ ತಿರುಗುತ್ತದೆಯೇ ಹೊರತು ಪಾಠ ಬಾರದು. ಹೊಸ ಪಾಲು ಸಿಗುವುದು ನಡುರಾತ್ರಿ ಹನ್ನೆರಡಕ್ಕೆ. "ಅಮ್ಮಾ, ನಿದ್ದೆಗೆಟ್ಟು ಕಾಯ್ತಾ ಕೂತಿರ್ತಾಳೆ, ನೋಡಕ್ಕಾಗಲ್ಲ" ಎಂದು ಆಕೆ ಕಣ್ಣೊರೆಸಿಕೊಂಡಳು.

ಮಗಳನ್ನು ಕರೆಸಿ ಫೋನು ಬಿಚ್ಚಿ ಕೂತೆವು. ಡೇಟಾ ಯಾವ ಆ್ಯಪ್ ಎಷ್ಟು ನುಂಗಿತೆಂಬ ಲೆಕ್ಕ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ, ಕಿರಾಣಿ ಅಂಗಡಿಯ ಚೀಟಿಯಷ್ಟು ಸ್ಪಷ್ಟವಾಗಿ. ಮೊದಲು ಸಿಕ್ಕಿದ್ದು ವಾಟ್ಸಾಪ್. ಗ್ರೂಪಿನಲ್ಲಿ ಬಂದ ಶುಭೋದಯದ ಗುಲಾಬಿ, ಸೋದರಮಾವನ ಮಗನ ನಾಮಕರಣದ ವಿಡಿಯೊ ಎಲ್ಲ ಯಾರೂ ಕೇಳದೆಯೇ ಇಳಿದುಬರುತ್ತಿದ್ದವು. ಅದರ ತಾನಾಗಿಯೇ ಇಳಿಸಿಕೊಳ್ಳುವ ಚಪಲಕ್ಕೆ ಬೀಗ ಹಾಕಿದೆವು. ಯೂಟ್ಯೂಬಿನಲ್ಲಿ ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ಶುರುವಾಗುವ ಆಟೊಪ್ಲೇ ಎಂಬುದನ್ನೂ ನಿಲ್ಲಿಸಿದೆವು. ಬಡಿಸುವವರು ಎಲೆ ಎತ್ತಲು ಬಿಡದೆ ಮತ್ತೆ ಮತ್ತೆ ಪಾಯಸ ಸುರಿದಂತೆ ಅದು! ಪ್ಲೇಸ್ಟೋರಿನ ಅಪ್‌ಡೇಟುಗಳನ್ನು ವೈಫೈ ಇದ್ದಾಗ ಮಾತ್ರ ಎಂದು ಕಟ್ಟಿಹಾಕಿದ್ದಾಯಿತು.

ಇನ್ನು ಬಿಲ್ಲೆಯ ಮಾತು. ವಿಡಿಯೊದ ಗುಣಮಟ್ಟವನ್ನು ಒಂದೆರಡು ಮೆಟ್ಟಿಲು ಇಳಿಸುವುದೇ ಅದು. ನೆಟ್‌ಫ್ಲಿಕ್ಸಿನವರೇ ಕೊಡುವ ಲೆಕ್ಕ ನೋಡಿ: ತೀರ ಕಡಿಮೆ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 0.3 ಜಿಬಿ, ಮಧ್ಯಮಕ್ಕೆ 0.7, ಎಚ್‌ಡಿಯಾದರೆ 3 ಜಿಬಿಯವರೆಗೆ. ಅಂಗೈಯಗಲದ ಪರದೆಗೆ ಅಷ್ಟೆಲ್ಲ ಏಕೆ? ಚಿತ್ರ ಕೆಟ್ಟೀತೆಂದು ಹೆದರುವವರು 2020ರ ಮಾರ್ಚ್ ನೆನಪಿಸಿಕೊಳ್ಳಲಿ. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲೇ ಕೂತು ನೆಟ್‌ವರ್ಕು ಬಳಲಿದಾಗ, ಮೊಬೈಲ್ ನೆಟ್‌ವರ್ಕಿನಲ್ಲಿ 480ಪಿಗಿಂತ ಮೇಲಿನ ಚಿತ್ರ ಕೊಡುವುದಿಲ್ಲವೆಂದು ದೇಶದ ದೊಡ್ಡ ಕಂಪನಿಗಳು ಏಪ್ರಿಲ್ 14ರವರೆಗೆ ಒಪ್ಪಿಕೊಂಡಿದ್ದವು. ನಮ್ಮ ಬೀದಿಯಲ್ಲಂತೂ ಅದಕ್ಕಾಗಿ ಯಾರೂ ಗೊಣಗಿದ್ದು ಕೇಳಲಿಲ್ಲ.

ಕೇಳುವುದಕ್ಕಷ್ಟೇ ಬೇಕಾದ್ದಕ್ಕೆ ಚಿತ್ರವೇ ಬೇಡವಲ್ಲ. ಬೆಳಗ್ಗೆ ಸುಪ್ರಭಾತ ಹಾಕಿ ಫೋನನ್ನು ಮಿಕ್ಸಿಯ ಪಕ್ಕ ಮಲಗಿಸಿದರೆ ದೇವರ ಅಲಂಕಾರ ನೋಡುವವರು ಯಾರು? ಸಾವಿಗೆಯ ಡಬ್ಬಿಯೆ? ಬರೀ ಹಾಡಾದರೆ, 128 ಕೆಬಿಪಿಎಸ್‌ನದು, ಗಂಟೆಗೆ 60 ಎಂಬಿಯೊಳಗೇ ಮುಗಿಯುತ್ತದೆ. ಎಫ್‌ಎಂ ರೇಡಿಯೊಗೆ ಅದೂ ಬೇಡ.

ಪಾಠಗಳಿಗೆ ಇನ್ನೂ ಸುಲಭದ ದಾರಿ ಸಿಕ್ಕಿತು. ಅಮ್ಮನ ಜೊತೆ ಭಾನುವಾರ ಬಂದಾಗ ನಮ್ಮ ವೈಫೈನಲ್ಲಿ ವಾರಕ್ಕಾಗುವಷ್ಟು ಪಾಠಗಳನ್ನು ಯೂಟ್ಯೂಬಿನೊಳಗೇ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಾಳೆ. ಹಪ್ಪಳ ಸಂಡಿಗೆ ಮಾಡಿಟ್ಟುಕೊಂಡ ಹಾಗೆ. ನಮ್ಮವರು, "ನಮ್ಮ ಬಿಲ್ಲು?" ಎಂದರು. ತಿಂಗಳಿಗೆ ಕಟ್ಟುವುದು ಕಟ್ಟುವುದೇ, ಅವಳು ಬಂದಳೆಂದು ಒಂದು ರೂಪಾಯಿಯೂ ಏರುವುದಿಲ್ಲ ಎಂದೆ. ಮತ್ತೆ ಪೇಪರಿನೊಳಗೆ ತಲೆ ಹುದುಗಿಸಿದರು.

ಈಗ ರಾತ್ರಿ ಒಂಬತ್ತಕ್ಕೆ ಫೋನು ಅವಳ ಕೈಗೆ ಬರುವಾಗಲೂ ಐನೂರು ಎಂಬಿ ಮಿಕ್ಕಿರುತ್ತದಂತೆ. ಅಷ್ಟು ಮಿಕ್ಕಿದೆಯೆಂಬ ಸುಳಿವು ತಮ್ಮನಿಗೆ ಹತ್ತದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿದೆ ಎಂದು ಮೊನ್ನೆ ನಗುತ್ತ ಹೇಳಿದಳು.