ಮ್ಯಾಪ್‌ಗಿಂತ ಮೊದಲು ಕೆಲಸದ ಪಟ್ಟಿ

ಚಕ್ರದ ಮೇಲಿನ ಮನೆ · ಭಾಗ 2

‘ಮುಂದಿನ ಮಾರ್ಚ್‌ಗೆ ಮನೆಮಂದಿಯೆಲ್ಲ ನ್ಯೂಜಿಲೆಂಡ್‌ಗೆ, ಅದೂ ಕ್ಯಾರವಾನ್‌ನಲ್ಲಿ’ ಅಂತ ಹೋದ ವಾರ ಹಾಕಿದ್ದೇ ತಡ, ಕ್ಲಾಸಿನವರೆಲ್ಲ ಕೇಳಿದ್ದು ಒಂದೇ: ರೂಟ್ ಯಾವುದೋ? ಹೇಳ್ತೀನಿ, ಸ್ವಲ್ಪ ತಾಳಿ. ನಮ್ಮನೇಲಿ ಮ್ಯಾಪ್ ತೆಗೆಯೋಕೆ ಮೊದಲು ಇನ್ನೊಂದು ಪಟ್ಟಿ ಬರೆದ್ವಿ. ನಿಮಗೂ ಯಾವತ್ತಾದ್ರೂ ಅಪ್ಪ ಅಮ್ಮನ್ನ ಕರ್ಕೊಂಡು ಹೀಗೆ ಹೊರಡೋ ಆಸೆ ಇದ್ರೆ, ಆ ಪಟ್ಟಿಯಿಂದಲೇ ಶುರು ಮಾಡಿ.

ಹೊಸದಾಗಿ ಬಂದವರಿಗೆ ಚುಟುಕಾಗಿ: ಅಕ್ಕ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಸಿಗೋದು ಒಂದು ವಾರ ರಜೆ. ಹಾಸನದಿಂದ ಅಪ್ಪ, ಅಮ್ಮ, ಅಜ್ಜಿ, ನಾನು. ಎಲ್ಲರಿಗೂ ಇದೇ ಮೊದಲ ಪಾಸ್‌ಪೋರ್ಟ್. ಐದು ಜನಕ್ಕೆ ದಿನಾ ಎರಡು ಹೋಟೆಲ್ ರೂಮು, ಮೂರು ಹೊತ್ತು ಹೊರಗಿನ ಊಟ ಅಂದ್ರೆ ನಮ್ಮ ಕೈಗೆ ಎಟುಕಲ್ಲ. ಅದಕ್ಕೇ ಕ್ಯಾರವಾನ್. ನಿಜ ಹೇಳ್ಬೇಕಂದ್ರೆ ಕ್ಯಾರವಾನ್ ಅಂದ್ರೆ ಕಾರಿನ ಹಿಂದೆ ಎಳ್ಕೊಂಡು ಹೋಗೋದು. ನಾವು ಬಾಡಿಗೆಗೆ ತಗೊಳ್ಳೋದು ಇಂಜಿನ್ ಇರೋ ಮೋಟರ್‌ಹೋಮ್. ಆದ್ರೆ ನಮ್ಮನೇಲಿ ಎಲ್ಲರ ಬಾಯಲ್ಲೂ ಅದು ಕ್ಯಾರವಾನೇ.

ಈ ಗಾಡಿಗಳ ಜಾಹೀರಾತು ನೋಡಿದೀರಾ? ಎಲ್ಲದರಲ್ಲೂ ಒಂದು ಮಾತು ಗ್ಯಾರಂಟಿ: ಅಡುಗೆಮನೆ ಜೊತೆಗೇ ಬರುತ್ತೆ, ದುಡ್ಡು ಉಳಿಯುತ್ತೆ. ಅಕ್ಕ ವಿಡಿಯೋ ಕಾಲ್‌ನಲ್ಲಿ ಗಾಡಿ ತೋರಿಸ್ತಾ ಇದನ್ನೇ ಹೇಳಿದಳು. ಅಮ್ಮ ಎಲ್ಲಾ ಕೇಳಿಸ್ಕೊಂಡು ಅಂದಿದ್ದು ಇಷ್ಟೇ:

“ಸರಿ ಕಣೇ, ಅಡುಗೆಮನೆ ಬರುತ್ತೆ. ಅಡುಗೆಯವಳು ಯಾರು?”

ಅಪ್ಪ ಪೇಪರ್ ಮಡಚಿಟ್ರು. ಯಾರೂ ತಕ್ಷಣ ಮಾತಾಡಲಿಲ್ಲ.

ನಮ್ಮನೆ ಟ್ರಿಪ್ ಅಂದ್ರೆ ಹೇಗಿರುತ್ತೆ ಹೇಳ್ತೀನಿ, ನಿಮ್ಮನೇದೂ ಹೀಗೇನಾ ನೋಡಿ. ಧರ್ಮಸ್ಥಳಕ್ಕೆ ಐದಕ್ಕೆ ಹೊರಡಬೇಕು ಅಂದ್ರೆ ಅಮ್ಮ ಮೂರಕ್ಕೆ ಎದ್ದಿರ್ತಾರೆ. ಪುಳಿಯೋಗರೆ, ಮೊಸರನ್ನ, ಅಜ್ಜಿಗೆ ಬೇರೆ ಖಾರ ಕಮ್ಮಿ ಡಬ್ಬ. ಗಾಡಿ ಹೊರಟ ಅರ್ಧ ಗಂಟೆಗೆ ನಿದ್ದೆ ಹೋಗ್ತಾರೆ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟು ಅಷ್ಟು ಚೆನ್ನಾಗಿರುತ್ತಲ್ಲ, ಅದನ್ನ ಅಮ್ಮ ಹಗಲಲ್ಲಿ ಎಚ್ಚರವಾಗಿದ್ದು ನೋಡಿದ್ದು ಕಮ್ಮಿ. ಕ್ಯಾರವಾನ್‌ನಲ್ಲಿ ದುಡ್ಡು ಉಳಿಯುತ್ತೆ ಅಂದ್ರೆ ಏನರ್ಥ? ಹೋಟೆಲಿನವರು ಮಾಡೋ ಕೆಲಸನ ನಮ್ಮಲ್ಲಿ ಯಾರೋ ಪುಕ್ಕಟೆ ಮಾಡ್ತಾರೆ ಅಂತ. ಆ ‘ಯಾರೋ’ ಯಾರು ಅನ್ನೋದನ್ನ ಟಿಕೆಟ್ ಬುಕ್ ಮಾಡೋಕೆ ಮೊದಲೇ ತೀರ್ಮಾನ ಮಾಡ್ಬೇಕು.

ಹಾಗಾಗಿ ಪಟ್ಟಿ. ನೋಟ್‌ಬುಕ್ಕಿನ ಒಂದು ಹಾಳೆ: ಎಡಕ್ಕೆ ಕೆಲಸ, ಬಲಕ್ಕೆ ಹೆಸರು.

🍳 ಅಡುಗೆ
ಬೆಳಗಿನ ತಿಂಡಿ ನಾನು. ರಾತ್ರಿ ಊಟ ಅಪ್ಪ ಮತ್ತು ಅಕ್ಕ. ಎರಡು ರಾತ್ರಿ ಹೊರಗಡೆ. ಅಮ್ಮನ ಹೆಸರಿನ ಮುಂದೆ ಸೊನ್ನೆ. ಆಮೇಲೆ ಅಮ್ಮನೇ ಪೆನ್ ಇಸ್ಕೊಂಡು ‘ಕಾಫಿ’ ಅಂತ ಸೇರಿಸಿದ್ರು: “ನೀವು ಮಾಡೋ ಕಾಫಿ ಕುಡಿಯೋಕಾಗಲ್ಲ.” ಈಗ ಪ್ರತಿ ಭಾನುವಾರ ನಾನು, ಅಪ್ಪ ರಿಹರ್ಸಲ್ ಮಾಡ್ತಿದೀವಿ. ಎರಡೇ ಒಲೆ, ಎರಡೇ ಪಾತ್ರೆ, ಅಳತೆ ನೀರು. ಯಾಕಂದ್ರೆ ಗಾಡಿಯಲ್ಲಿ ನೀರು ಟ್ಯಾಂಕಲ್ಲಿ ತುಂಬಿಸಿದಷ್ಟೇ. ಅಲ್ಲಿ ‘ಸೆಲ್ಫ್ ಕಂಟೈನ್ಡ್’ ಅನ್ನೋ ಪ್ರಮಾಣಪತ್ರ ಇದೆ. ಅದಕ್ಕೆ ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಮೂರು ದಿನಕ್ಕಾಗುವಷ್ಟು ನೀರು ಹಿಡಿಯಬೇಕು. ಐದು ಜನಕ್ಕೆ 60 ಲೀಟರ್. ಅದು ಕನಿಷ್ಠ, ಗಾಡಿ ಟ್ಯಾಂಕ್ ಸಾಮಾನ್ಯವಾಗಿ ಇನ್ನೂ ದೊಡ್ಡದಿರುತ್ತೆ. ಆದ್ರೂ ನಲ್ಲಿ ಬಿಟ್ಕೊಂಡು ಅಕ್ಕಿ ತೊಳೆಯೋ ಕಾಲ ಅಲ್ಲ ಅದು.

🚽 ಹೌದು, ಇದೂ ಪಟ್ಟಿಯಲ್ಲಿದೆ
ಗಾಡಿಯ ನಕ್ಷೆ ನೋಡಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ: “ಒಲೆ ಪಕ್ಕದಲ್ಲೇ ಕಕ್ಕಸೇನೋ?” ಹೌದು ಅಜ್ಜಿ, ಎರಡು ಹೆಜ್ಜೆ. 2023ರಲ್ಲಿ ಬಂದ ಕಾನೂನಿನ ಪ್ರಕಾರ ಆ ಪ್ರಮಾಣಪತ್ರಕ್ಕೆ ಟಾಯ್ಲೆಟ್ ಗಾಡಿಗೆ ಕಾಯಂ ಜೋಡಿಸಿರಬೇಕು. ಹಾಸಿಗೆಗಳನ್ನೆಲ್ಲ ಹಾಸಿದ ಮೇಲೂ ಬಳಸೋ ಹಾಗಿರಬೇಕು. ಅಜ್ಜಿಗೆ 73, ಮಂಡಿನೋವು, ರಾತ್ರಿ ಎರಡು ಸಲ ಏಳ್ತಾರೆ. ಚಳಿಯಲ್ಲಿ ಹೊರಗೆ ನಡೀಬೇಕಿಲ್ಲ ಅಂದ್ಮೇಲೆ ಮಡಿ ಸ್ವಲ್ಪ ಸಡಿಲ ಆಯ್ತು. ಹಗಲು ಕ್ಯಾಂಪಿನ ಟಾಯ್ಲೆಟ್, ರಾತ್ರಿ ಮಾತ್ರ ಗಾಡೀದು ಅಂತ ರಾಜಿ.

ಆದ್ರೆ ಅದನ್ನ ಖಾಲಿ ಮಾಡೋರು ಯಾರು? ಕೆಳಗೆ ಒಂದು ಡಬ್ಬಿ ಇರುತ್ತೆ. ಅದನ್ನ ಎಳೆದು ತೆಗೆದು, ‘ಡಂಪ್ ಸ್ಟೇಷನ್’ ಅನ್ನೋ ಜಾಗದಲ್ಲಿ ಸುರಿದು, ತೊಳೆದು, ವಾಪಸ್ ಇಡಬೇಕು. ರಸ್ತೆ ಬದಿಗೋ ಹೊಳೆಗೋ ಸುರಿಯೋ ಹಾಗಿಲ್ಲ. ನಮ್ಮೂರಲ್ಲಿ ಗುಂಡಿ ತುಂಬಿದ್ರೆ ಯಾರನ್ನೋ ಕರೀತೀವಿ. ಬಂದವರು ಕೆಲಸ ಮುಗಿಸಿ ಹೋಗ್ತಾರೆ, ಹೆಸರು ಕೂಡ ಕೇಳಲ್ಲ, ನೀರು ಕೊಡೋಕೂ ಬೇರೆ ಲೋಟ ಹುಡುಕ್ತೀವಿ. ಅಲ್ಲಿ ಆ ‘ಯಾರೋ’ ಇಲ್ಲ. ಎಷ್ಟು ದುಡ್ಡಿರೋ ಕುಟುಂಬವಾದ್ರೂ ತಮ್ಮದನ್ನ ತಾವೇ ಹೊತ್ತು ಸುರಿದು ಬರ್ತಾರೆ. ಇದನ್ನ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಬಲಗಡೆ ತಮ್ಮ ಹೆಸರೇ ಬರೆದ್ರು. ಕೆಳಗೆ ನನ್ನದು. ಟ್ರಿಪ್ ಇನ್ನೂ ಶುರುವೇ ಆಗಿಲ್ಲ, ಆದ್ರೆ ಬೇರೆ ಲೋಟದ ವಿಷಯ ಮನೇಲಿ ಒಂದ್ಸಲ ಗಟ್ಟಿಯಾಗಿ ಚರ್ಚೆ ಆಯ್ತು. ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. ಆ ಮಾತು ನಾನು ಬಿಡಲ್ಲ.

🛏️ ಮಲಗೋದು, ಕೂರೋದು
ಗಾಡಿ ಸುಮಾರು ಏಳು ಮೀಟರ್ ಉದ್ದ. ಡ್ರೈವರ್ ತಲೆ ಮೇಲಿನ ಮಂಚಕ್ಕೆ ಏಣಿ ಹತ್ತಬೇಕು, ಅದು ನಂದು. ಊಟದ ಮೇಜು ರಾತ್ರಿ ಹಾಸಿಗೆಯಾಗುತ್ತೆ, ಅದು ಅಪ್ಪಂದು. ಹಿಂದಿನ ತಗ್ಗು ಮಂಚ ಅಜ್ಜಿ, ಅಮ್ಮ, ಅಕ್ಕನಿಗೆ, ಒತ್ತಿಕೊಂಡು. ಬುಕ್ ಮಾಡೋವಾಗ ಎಷ್ಟು ಹಾಸಿಗೆ ಅಂತ ಮಾತ್ರ ನೋಡ್ಬೇಡಿ, ಎಷ್ಟು ಸೀಟ್‌ಬೆಲ್ಟ್ ಅಂತಾನೂ ಎಣಿಸಿ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಅಜ್ಜಿ ಕಾರಿನ ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗೋ ಹಾಗೆ ಅಲ್ಲಿ ಆಗಲ್ಲ.

ನೋಡಿ, ರೂಟ್ ಬಂದಿದ್ದು ಇಲ್ಲಿಂದ. ಅಜ್ಜಿ ಒಂದೇ ಕಡೆ ಕೂರಬಲ್ಲದ್ದು ಒಂದೂವರೆ ಗಂಟೆ. ಅಡುಗೆ ನಾವೇ ಮಾಡೋದಾದ್ರೆ ಕತ್ತಲಾಗೋಕೆ ಮೊದಲೇ ನಿಲ್ಲಿಸಬೇಕು. ಹಾಗಾದ್ರೆ ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್ ಎರಡೂ ಔಟ್. ರೀಲ್ಸ್‌ನಲ್ಲಿ ಬರೋ ಜಾಗಗಳೇ ಹೋದ್ವು ಅಂತ ನನಗೂ ಬೇಜಾರಾಯ್ತು. ಆದ್ರೆ ಉಳಿದ ಸುತ್ತು ಏನು ಕಮ್ಮಿ ಇಲ್ಲ.

🗺️ ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ ಕೆರೆ: ಸುಮಾರು 225 ಕಿ.ಮೀ. ಅಲ್ಲಿಯ ಆಕಾಶ 2012ರಿಂದ ಅಂತರರಾಷ್ಟ್ರೀಯ ‘ಡಾರ್ಕ್ ಸ್ಕೈ’ ರಕ್ಷಿತ ಪ್ರದೇಶ, ಬೀದಿದೀಪಕ್ಕೂ ಮಿತಿ. ಎರಡು ರಾತ್ರಿ.
🗺️ ಅಲ್ಲಿಂದ ಆವೊರಾಕಿ, ಅಂದ್ರೆ ಮೌಂಟ್ ಕುಕ್: 105 ಕಿ.ಮೀ. ಎತ್ತರ 3,724 ಮೀಟರ್, ಆ ದೇಶದ ಅತಿ ಎತ್ತರದ ಬೆಟ್ಟ. ಅಲ್ಲಿಯ ಮಾವೊರಿ ಜನರ ಕಥೆಯಲ್ಲಿ ಆವೊರಾಕಿ ಮತ್ತು ಅವನ ತಮ್ಮಂದಿರು ಒಂದು ದೋಣಿಯಲ್ಲಿ ಬಂದವರು. ದೋಣಿ ಸಿಕ್ಕಿಹಾಕ್ಕೊಂಡು ವಾಲಿತು, ಎಲ್ಲರೂ ಮೇಲಿದ್ದ ಬದಿಗೆ ಹತ್ತಿ ಕೂತರು, ಅಲ್ಲೇ ಕಲ್ಲಾದರು, ಬೆಟ್ಟಗಳಾದರು. ಒಂದೇ ಗಾಡಿಯಲ್ಲಿ ಹೊರಟ ಅಣ್ಣತಮ್ಮಂದಿರ ಗತಿ ಕೇಳಿ ಅಜ್ಜಿ “ನಾವು ಹಂಗಾಗದೆ ಇದ್ರೆ ಸಾಕು” ಅಂದ್ರು. ಅಲ್ಲಿಯ ಸರ್ಕಾರಿ ಕ್ಯಾಂಪ್‌ನಲ್ಲಿ ಕರೆಂಟ್ ಇಲ್ಲ, ಒಂದೇ ರಾತ್ರಿ.
🗺️ ಆಮೇಲೆ ಸಮುದ್ರದ ಕಡೆ ಓಮರೂ: ಸುಮಾರು 210 ಕಿ.ಮೀ. ಸಂಜೆ ಕತ್ತಲಾಗ್ತಿದ್ದ ಹಾಗೆ ಪ್ರಪಂಚದ ಅತಿ ಚಿಕ್ಕ ಪೆಂಗ್ವಿನ್‌ಗಳು, ಒಂದಡಿ ಎತ್ತರದವು, ಕಡಲಿಂದ ಗೂಡಿಗೆ ವಾಪಸ್ ಬರ್ತವೆ. ಎರಡು ರಾತ್ರಿ.
🗺️ ಕೊನೆಗೆ ವಾಪಸ್, ಸುಮಾರು 250 ಕಿ.ಮೀ.

ಸೇವ್ ಮಾಡ್ಕೊಳ್ಳಿ:

📌 ಅಲ್ಲೂ ಎಡಗಡೆ ಡ್ರೈವಿಂಗ್. ನಮ್ಮ ಲೈಸೆನ್ಸ್ ಕಾರ್ಡಲ್ಲಿ ಇಂಗ್ಲಿಷ್ ಇರೋದ್ರಿಂದ ಅನುವಾದ ಬೇಡ. ಅಪ್ಪ, ಅಕ್ಕ ಸರದಿ ಮೇಲೆ ಓಡಿಸ್ತಾರೆ.
📌 ಒಂದೇ ಗಾಡಿ ಹೋಗೋ ಸೇತುವೆಗಳು ಬೇಕಾದಷ್ಟಿವೆ. ಕೆಂಪು ಅಂಚಿನ ದುಂಡು ಬೋರ್ಡಲ್ಲಿ ನಿಮ್ಮ ಕಡೆ ಚಿಕ್ಕ ಕೆಂಪು ಬಾಣ ಇದ್ರೆ ನೀವೇ ನಿಲ್ಲಬೇಕು. ಹಾರ್ನ್ ಹೊಡೆದು ನುಗ್ಗೋ ಹಾಗಿಲ್ಲ, ಅಪ್ಪಾ 😄
📌 ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಬೇರೆ ಇದೆ. ಬಾಡಿಗೆಯಲ್ಲಿ ಸೇರಿದೆಯಾ ಅಂತ ಕೇಳಿ.
📌 ಡಿಸೆಂಬರ್, ಜನವರಿ ಅವರ ಬೇಸಿಗೆ ರಜೆ, ಬಾಡಿಗೆ ಜಾಸ್ತಿ. ಮಾರ್ಚ್ ಅಲ್ಲಿ ಶರತ್ಕಾಲ.
📌 ವಿಮಾನದಲ್ಲಿ ಒಯ್ಯೋ ತಿನ್ನೋ ಪದಾರ್ಥ ಪ್ರತಿಯೊಂದನ್ನೂ ಫಾರಂನಲ್ಲಿ ಬರೀಬೇಕು. ಅಜ್ಜಿಯ ಚಟ್ನಿಪುಡಿ, ಉಪ್ಪಿನಕಾಯಿ, ಅಮ್ಮನ ಕಾಫಿಪುಡಿ, ಎಲ್ಲ. ಬರೆದ್ರೆ ಹೆಚ್ಚಂದ್ರೆ ತೆಗೆದಿಟ್ಕೋತಾರೆ. ಬರೀದೆ ಸಿಕ್ಕಿಬಿದ್ರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಮನೇಲೇ ಬಿಡಿ.

ವೀಸಾ ಇನ್ನೂ ಬರಬೇಕು. ಅದು ಬಂದ ಮೇಲೇ ಮಿಕ್ಕಿದ್ದು. ಆದ್ರೆ ಪಟ್ಟಿ ಫ್ರಿಜ್ ಮೇಲೆ ಅಂಟಿಸಿ ಆಗಿದೆ. ಕೊನೇ ಸಾಲಲ್ಲಿ ಪ್ರತಿಯೊಬ್ಬರೂ ತಮಗೆ ಅಲ್ಲಿ ಬೇಕಾದ್ದು ಒಂದೊಂದು ಬರೀಬೇಕಿತ್ತು. ನಾನು ನಕ್ಷತ್ರ ಅಂತ ಬರೆದೆ. ಅಪ್ಪ ಬೆಟ್ಟ. ಅಜ್ಜಿ ಪೆಂಗ್ವಿನ್. ಅಕ್ಕ ‘ನೀವೆಲ್ಲ’ ಅಂತ ಮೆಸೇಜ್ ಹಾಕಿದಳು.

ಅಮ್ಮ ಎರಡು ದಿನ ಯೋಚನೆ ಮಾಡಿ ಬರೆದಿದ್ದು: “ಬೆಳಗ್ಗೆ ಯಾರೂ ಎಬ್ಬಿಸಬಾರದು. ಎದ್ದ ಮೇಲೆ ಕಿಟಕಿ ಪಕ್ಕ ಕೂರಬೇಕು.”

ಟೆಕಾಪೊದಲ್ಲಿ ಎರಡು ರಾತ್ರಿ ಇಟ್ಟಿರೋದು ಅದಕ್ಕೇ. ಎರಡನೇ ದಿನ ಬೆಳಗ್ಗೆ ಎಲ್ಲಿಗೂ ಹೊರಡಲ್ಲ.

ಟ್ರಿಪ್ ಇರಲಿ ಬಿಡಲಿ, ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮಮ್ಮನಿಗೂ ಈ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರಕ್ಕೆ ಎರಡು ದಿನ ಟೈಮ್ ಕೊಡಿ.

ಭಾಗ 3ರಲ್ಲಿ: ಬಜೆಟ್, ಮತ್ತೆ ಅಪ್ಪ ಮಾಡಿದ ಉಪ್ಪಿಟ್ಟಿನ ಫೋಟೋ.