ತೀರ್ಥನ್ ನದಿಯ ದಡದಲ್ಲಿ

ಹಿಮಾಚಲದ ಔಟ್ ಗ್ರಾಮದಿಂದ ಬಂಜಾರ್ ಮಾರ್ಗವಾಗಿ ನಾವು ಗುಶೈನಿಯನ್ನು ಸೇರಿದೆವು. ಹಿಮಗಿರಿಗಳಲ್ಲಿ ಹುಟ್ಟಿ ಲಾರ್ಜಿಯಲ್ಲಿ ಬಿಯಾಸ್ ನದಿಯನ್ನು ಕೂಡುವ ತೀರ್ಥನ್ ಅಲ್ಲಿ ಬಂಡೆಗಳ ನಡುವೆ ಸ್ಫಟಿಕದಂತೆ ಹರಿಯುತ್ತದೆ. ಅದರಲ್ಲಿರುವ ಕಂದು ಟ್ರೌಟ್ ಮೀನು ಯೂರೋಪಿನ ಮೂಲದ್ದು. ಆಂಗ್ಲರು ಅದನ್ನು 1900ರಲ್ಲಿ ಕಾಶ್ಮೀರಕ್ಕೂ 1909ರಲ್ಲಿ ಕುಲ್ಲೂ ಸೀಮೆಗೂ ತಂದರು.

ನಾವು ಈ ವಿದ್ಯೆಗೆ ಹೊಸಬರು. ಕೈಯಲ್ಲಿದ್ದ ಹಣವೂ ಮಿತವಾದುದು. ಆದರೂ ಥಳಥಳಿಸುವ ರಾಟೆಯೊಂದಕ್ಕೆ ಮರುಳಾಗಿ ಅರ್ಧ ಹಣವನ್ನು ಸುರಿದು, ಉಳಿದುದರಲ್ಲಿ ಅಗ್ಗದ ದಾರವನ್ನು ಕೊಂಡಿದ್ದೆವು. ಮೊದಲ ದಿನವೇ ಅದರ ಫಲವನ್ನುಂಡೆವು. ಎಷ್ಟು ಬೀಸಿದರೂ ದಾರವು ಸುರುಳಿಗಟ್ಟಿ ಕಾಲ ಬಳಿಯೇ ಬಿದ್ದಿತು. ದಾರಿ ತೋರಿಸಲು ಬಂದಿದ್ದ ಊರಿನ ಮುದುಕನು ನಕ್ಕು, ತನ್ನ ಹಳೆಯ ಕೋಲನ್ನು ನಮಗಿತ್ತನು. ಆಗ ತಿಳಿಯಿತು: ಗರಿ ನೂಲುಗಳಿಂದ ಕಟ್ಟಿದ ಕೃತಕ ನೊಣಕ್ಕೆ ತೂಕವೇ ಇಲ್ಲವೆನ್ನಬಹುದು, ಅದನ್ನು ದೂರಕ್ಕೊಯ್ಯುವುದು ದಾರದ ತೂಕ. ಚಿಕ್ಕ ಮೀನಿನ ಮಟ್ಟಿಗೆ ರಾಟೆಯು ದಾರವನ್ನು ಸುತ್ತಿಡುವ ಸಾಧನವಷ್ಟೆ.

ಆದುದರಿಂದ ಹೊಸದಾಗಿ ತೊಡಗುವವರಿಗೆ 9 ಅಡಿ ಉದ್ದದ 5ನೆಯ ಅಂಕದ ಸಾಧಾರಣ ಕೋಲು, ಅದೇ ಅಂಕದ ಉತ್ತಮವಾದ ತೇಲುವ ದಾರ, ಸಾದಾ ರಾಟೆ, ಹತ್ತು ಹನ್ನೆರಡು ನೊಣಗಳು, ಇಷ್ಟಿದ್ದರೆ ಸಾಕು. ಗಾಳದ ಎದುರುಮುಳ್ಳನ್ನು ಇಕ್ಕಳದಿಂದ ಅದುಮಿಟ್ಟರೆ ಮೀನನ್ನು ಹೆಚ್ಚು ನೋಯಿಸದೆ ಬಿಡಬಹುದು. ಮೀನುಗಾರಿಕೆ ಇಲಾಖೆಯ ಪರವಾನಗಿ ಅವಶ್ಯ. ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲವಾದುದರಿಂದ ಬೇಟೆಗೆ ನಿಷೇಧವುಂಟು.

ಆ ಸಂಜೆ ಮುದುಕನ ಕೋಲಿಗೆ ಗೇಣುದ್ದದ ಟ್ರೌಟ್ ಒಂದು ಸಿಕ್ಕಿತು. ಅದರ ಕೆಂಪು ಚುಕ್ಕೆಗಳನ್ನು ಕಣ್ತುಂಬ ನೋಡಿ ನೀರಿಗೆ ಬಿಟ್ಟೆವು. ನಮ್ಮ ಥಳಥಳಿಸುವ ರಾಟೆಯು ಚೀಲದಲ್ಲಿಯೇ ಇದ್ದಿತು.